ಮೊದಲ ಗಂಟೆ ನೆರೆಮನೆಯವರದು

ಹುಮನಾಬಾದ್ ಕಡೆಯ ನಿರ್ಣಾದಲ್ಲಿ ಹಳೆಯ ಓಣಿಗಳನ್ನು ಹೊಕ್ಕರೆ ಬೇಸಿಗೆಯ ಬಿಸಿಲು ಅರ್ಧಕ್ಕರ್ಧ ಕಡಿಮೆಯಾದಂತೆ ಅನ್ನಿಸುತ್ತದೆ. ಅದಕ್ಕೆ ಕಾರಣ ಮನೆಗಳ ಗೋಡೆ. ಕಲ್ಲಿನ ಮೇಲೆ ಕಲ್ಲಿಟ್ಟು, ನಡುವೆ ಮಣ್ಣು ಮೆತ್ತಿ ಕಟ್ಟಿದ ಆ ಗೋಡೆಗಳು ಕೆಲವೆಡೆ ಎರಡು ಮೊಳ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದು ಈ ಭಾಗದಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಅಜ್ಜ ಹಾಕಿದ ಮಣ್ಣಿನ ಮೇಲೆ ಮಗ ಹಾಕುತ್ತಾನೆ, ಮಗ ಹಾಕಿದ್ದರ ಮೇಲೆ ಮೊಮ್ಮಗ. ಹಳೆಯದನ್ನು ಕೆಳಗಿಳಿಸುವವರು ಕಡಿಮೆ. ಹೀಗಾಗಿ ಮಾಳಿಗೆ ವರ್ಷದಿಂದ ವರ್ಷಕ್ಕೆ ಭಾರವಾಗುತ್ತಲೇ ಹೋಗುತ್ತದೆ.

ಅಂಥ ಒಂದು ಮನೆಯ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಮುತ್ಯಾ ಒಬ್ಬರು ಕುಳಿತಿದ್ದರು. ವೃತ್ತಿಯಿಂದ ಅವರು ಗೌಂಡಿ. ಆ ಓಣಿಯ ಎಷ್ಟೋ ಗೋಡೆಗಳು ಅವರ ಕೈಯಲ್ಲೇ ಎದ್ದವು. ಪದವಿ ಓದುತ್ತಿರುವ ಮೊಮ್ಮಗ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟು ನಿಂತಿದ್ದ. ಕಟ್ಟಡ ಕುಸಿದಾಗ ಒಳಗೆ ಸಿಕ್ಕಿಬಿದ್ದವರನ್ನು ಹುಡುಕಿ ಹೊರತೆಗೆಯುವ ಬಗೆಯನ್ನು ಸ್ವಯಂಸೇವಕರಿಗೆ ಕಲಿಸುವ ಶಿಬಿರವೊಂದಕ್ಕೆ ಅವನ ಹೆಸರು ಬಂದಿತ್ತು.

"ಮನಿ ಬಿದ್ದರ ಎಲ್ಲಾರೂ ಓಡಿ ಬರ್ತಾರ, ಕಲ್ಲು ತಗೀತಾರ. ಅದಕ್ಕ ಸಾಲಿ ಬೇಕೇನು ತಮ್ಮಾ?" ಎಂದು ಮುತ್ಯಾ ಕೇಳಿದರು.

ಒಳಗಿನಿಂದ ತಾಯಿಯ ದನಿ ಬಂತು: "ಪರೀಕ್ಷೆ ಹತ್ರ ಬಂದಾವ. ಇವನಿಗಿ ಊರ ಉಸಾಬರಿ ಯಾಕ ಬೇಕು ಹೇಳ್ರಿ."

ಹುಡುಗ ಇಬ್ಬರಿಗೂ ಉತ್ತರ ಕೊಡದೆ ಬಸ್ಸು ಹಿಡಿದ. ಆದರೆ ಮುತ್ಯಾ ಕೇಳಿದ ಪ್ರಶ್ನೆ ಸಣ್ಣದಲ್ಲ. ಕಲ್ಲು ತೆಗೆಯುವುದಕ್ಕೆ ನಿಜವಾಗಿಯೂ ಕಲಿಕೆ ಬೇಕೇ?

ಒಂದು ನಸುಕಿನ ಲೆಕ್ಕ

ಬಸವಕಲ್ಯಾಣದಿಂದ ಕಿಲ್ಲಾರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ನಲವತ್ತೈವತ್ತು ಕಿಲೋಮೀಟರು ಅಷ್ಟೆ. ಗಡಿಯ ಆಚೆ ಮಹಾರಾಷ್ಟ್ರ, ಈಚೆ ಕರ್ನಾಟಕ. ನಡುವೆ ಅದೇ ಕರಿಮಣ್ಣು, ಅದೇ ಜೋಳ, ಅದೇ ಬಗೆಯ ಮನೆಗಳು. 1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ತಡರಾತ್ರಿ ಮಲಗಿದ್ದರು. ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಕಂಪನದ ಪ್ರಮಾಣ 6.2ರಷ್ಟು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 52 ಹಳ್ಳಿಗಳು ನೆಲಸಮವಾದವು. ಸತ್ತವರು ಹತ್ತಿರ ಹತ್ತಿರ 10,000. ಬೀದರ್, ಕಲಬುರಗಿ ಕಡೆಯಲ್ಲೂ ಜನ ಹಾಸಿಗೆಯಿಂದೆದ್ದು ಬೀದಿಗೆ ಓಡಿದರು.

ಭೂಕಂಪನದ ನಕ್ಷೆಯಲ್ಲಿ ಆಗ ಆ ಸೀಮೆ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. ದಖ್ಖನ್ನಿನ ಗಟ್ಟಿ ಬಂಡೆ ಅಲುಗುವುದಿಲ್ಲವೆಂದೇ ಎಲ್ಲರ ನಂಬಿಕೆಯಾಗಿತ್ತು. ಆ ಪ್ರಮಾಣದ ಕಂಪನಕ್ಕೆ ಅಷ್ಟು ಜನ ಸತ್ತದ್ದೇಕೆ ಎಂದು ಪರಿಶೀಲಿಸಿದಾಗ ತಜ್ಞರ ಬೆರಳು ಮನೆಗಳ ಕಡೆಗೇ ತಿರುಗಿತು. ದಪ್ಪ ಕಲ್ಲುಗೋಡೆ ನೋಡುವುದಕ್ಕೆ ಒಂದೇ ಗೋಡೆಯಂತೆ ಕಂಡರೂ ಅದು ಎರಡು ಗೋಡೆ. ಹೊರಮೈಗೊಂದು ಸಾಲು ಕಲ್ಲು, ಒಳಮೈಗೊಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಈ ಮೈಯಿಂದ ಆ ಮೈಗೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟು ಎರಡನ್ನೂ ಕಟ್ಟಿಹಾಕದಿದ್ದರೆ, ನೆಲ ಅಲುಗಿದಾಗ ಎರಡು ಸಾಲೂ ಬೇರೆಬೇರೆಯಾಗಿ ಉಬ್ಬಿ ಬಿರಿಯುತ್ತವೆ. ಆಗ ಮೇಲಿನ ಮಾಳಿಗೆಗೆ ಆಧಾರವಿಲ್ಲ.

ಮಾಳಿಗೆಯ ಭಾರವೆಷ್ಟು? ಎಂಟನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಇದು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಸಣ್ಣ ಕೋಣೆ. ಮೇಲೆ ಒಂದಡಿ ದಪ್ಪ ಮಣ್ಣು. ಒಟ್ಟು 100 ಘನ ಅಡಿ. ಒದ್ದು ಗಟ್ಟಿ ಮಾಡಿದ ಮಣ್ಣು ಘನ ಅಡಿಗೆ 45ರಿಂದ 50 ಕಿಲೋಗ್ರಾಂ ತೂಗುತ್ತದೆ. ಅಂದರೆ ಆ ಕೋಣೆಯಲ್ಲಿ ಮಲಗಿದವರ ತಲೆಯ ಮೇಲೆ ನಾಲ್ಕೂವರೆಯಿಂದ ಐದು ಟನ್ ಮಣ್ಣು. ಎರಡಡಿ ಮಣ್ಣಿದ್ದರೆ ಹತ್ತು ಟನ್ ಹತ್ತಿರ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಪಟ್ಟಣದ ಕಾಂಕ್ರೀಟ್ ಕಟ್ಟಡ ಕುಸಿದಾಗ ಚಪ್ಪಡಿಗಳು ಒಂದಕ್ಕೊಂದು ಒರಗಿ ನಡುವೆ ಪೊಳ್ಳು ಜಾಗ ಉಳಿಯುವುದುಂಟು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಆದರೆ ಎರಡು ದಿನಗಳ ಮೇಲೂ ಅದರಡಿಯಿಂದ ಜೀವಂತವಾಗಿ ಹೊರಬಂದವರಿದ್ದರು. ಅವರನ್ನು ಉಳಿಸಿದ್ದು ಅಂಥ ಪೊಳ್ಳುಗಳೇ. ಮಣ್ಣಿನ ಮಾಳಿಗೆ ಕುಸಿದರೆ ಹಾಗಲ್ಲ. ಮಣ್ಣು ಪುಡಿಯಾಗಿ ನೀರಿನ ಹಾಗೆ ಎಲ್ಲ ಸಂದುಗಳಿಗೂ ಹರಿಯುತ್ತದೆ. ಏಟು ಬೀಳದವರಿಗೂ ಉಸಿರಿಗೆ ಎಡೆ ಇರುವುದಿಲ್ಲ. ಆದ್ದರಿಂದ ನಿರ್ಣಾದಂಥ ಊರುಗಳ ಪಾಲಿಗೆ ಸಮಯವನ್ನು ದಿನಗಳಲ್ಲಿ ಅಳೆಯುವಂತಿಲ್ಲ, ನಿಮಿಷಗಳಲ್ಲಿ ಅಳೆಯಬೇಕು.

ಕಿಲ್ಲಾರಿಯ ಸೀಮೆಯಲ್ಲೂ ಪವಾಡದಂಥ ಒಂದು ಸಂಗತಿ ನಡೆಯಿತು. ಸುಮಾರು ಒಂದೂವರೆ ವರ್ಷದ ಹೆಣ್ಣುಮಗುವೊಂದು ಐದನೆಯ ದಿನ ಸೈನಿಕರ ಕೈಗೆ ಜೀವಂತವಾಗಿ ಸಿಕ್ಕಿತು. ಆ ಕೂಸು ಮಂಚದ ಕೆಳಗಿನ ಜಾಗದಲ್ಲಿತ್ತು. ಮಂಚದ ನಾಲ್ಕು ಕಾಲುಗಳು ಹಿಡಿದು ನಿಲ್ಲಿಸಿದ ಒಂದು ಹಿಡಿ ಗಾಳಿಯೇ ಅದರ ಆಯುಷ್ಯವಾಯಿತು.

ಯಾರು ಮೊದಲು ಬರುತ್ತಾರೆ?

ಇಂದು ದೇಶದಲ್ಲಿ ವಿಪತ್ತಿಗೆ ಓಡಿಬರುವ ವ್ಯವಸ್ಥೆ 1993ರಲ್ಲಿದ್ದಂತಿಲ್ಲ. ಗುಜರಾತಿನ ಭುಜ್‌ನಲ್ಲಿ 2001ರ ಜನವರಿ 26ರಂದು ಆದ ಭೂಕಂಪ, 2004ರ ಸುನಾಮಿ ಕಣ್ಣು ತೆರೆಸಿದವು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರಂತೆ 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರೂಪುಗೊಂಡಿತು. ಕಿತ್ತಳೆ ಬಣ್ಣದ ಉಡುಪಿನ ಆ ಜವಾನರ ಬಳಿ ಕಾಂಕ್ರೀಟ್ ಕತ್ತರಿಸುವ ಯಂತ್ರ, ಸಂದಿಯೊಳಗೆ ಇಳಿಬಿಡುವ ಕ್ಯಾಮೆರಾ, ವಾಸನೆ ಹಿಡಿಯುವ ನಾಯಿ ಎಲ್ಲವೂ ಇವೆ. ಆದರೆ ಎಷ್ಟೇ ಬೇಗ ಹೊರಟರೂ ಅವರು ಬೀದರ್ ಜಿಲ್ಲೆಯ ಒಂದು ಹಳ್ಳಿಗೆ ಬರಲು ಗಂಟೆಗಳೇ ಬೇಕು.

1995ರ ಜನವರಿ 17ರಂದು ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾಯಿತು. ಯಂತ್ರ, ದಳ, ಶಿಸ್ತು ಯಾವುದಕ್ಕೂ ಕೊರತೆಯಿಲ್ಲದ ದೇಶ ಅದು. ಅಲ್ಲಿಯೂ ಅವಶೇಷಗಳಡಿಯಿಂದ ಪಾರಾಗಿ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರನ್ನು ಹೊರಗೆಳೆದವರು ಮನೆಯವರು ಮತ್ತು ನೆರೆಯವರೇ ಎಂಬ ಅಂದಾಜಿದೆ. 1976ರಲ್ಲಿ ಚೀನಾದ ತಾಂಗ್‌ಶಾನ್ ಭೂಕಂಪದ ಲೆಕ್ಕವೂ ಹಾಗೆಯೇ ಇದೆ. ಮೊದಲ ಅರ್ಧ ಗಂಟೆಯಲ್ಲಿ ಹೊರತೆಗೆದವರಲ್ಲಿ ನೂರಕ್ಕೆ 99 ಜನ ಉಳಿದರು. ಎರಡನೆಯ ದಿನ ಸಿಕ್ಕವರಲ್ಲಿ ಉಳಿದವರು ಮೂರರಲ್ಲಿ ಒಬ್ಬರು.

ಮೊದಲ ಗಂಟೆ ನೆರೆಮನೆಯವರದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆದರೆ ಇದರ ಇನ್ನೊಂದು ಮುಖವೂ ಇದೆ. 1985ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರದಲ್ಲಿ ಭೂಕಂಪವಾದಾಗ ತರಬೇತಿ ಇಲ್ಲದ ಜನಸಾಮಾನ್ಯರೇ ಅವಶೇಷಗಳಿಗೆ ನುಗ್ಗಿ ಸುಮಾರು 800 ಮಂದಿಯನ್ನು ಉಳಿಸಿದರು. ಹಾಗೆ ಉಳಿಸಲು ಹೋಗಿ ತಾವೇ ಸತ್ತವರು 100ಕ್ಕೂ ಹೆಚ್ಚು. ಅದನ್ನು ಕಂಡುಬಂದ ಅಮೆರಿಕದ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ದಳದವರು, ಓಡಿಬರುವ ಜನರನ್ನು ತಡೆಯಲಾಗದು, ಆದ್ದರಿಂದ ಅವರಿಗೆ ಕಲಿಸುವುದೇ ಸರಿ ಎಂದು ನಿರ್ಧರಿಸಿದರು. ಓಣಿಯ ಜನರಿಗೆ ತರಬೇತಿ ಕೊಡುವ ಆ ಪದ್ಧತಿ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು. ಭಾರತದಲ್ಲಿ 2016ರಲ್ಲಿ 'ಆಪದಾ ಮಿತ್ರ' ಯೋಜನೆ ಪ್ರವಾಹ ಭೀತಿಯಿರುವ 30 ಜಿಲ್ಲೆಗಳಲ್ಲಿ, ಜಿಲ್ಲೆಗೆ 200 ಸ್ವಯಂಸೇವಕರಂತೆ ಆರಂಭವಾಯಿತು. ಆಮೇಲೆ ಅದನ್ನು 350 ಜಿಲ್ಲೆಗಳಿಗೆ, ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಲಾಯಿತು. ತರಬೇತಿಯ ಅವಧಿ ಹನ್ನೆರಡು ದಿನ.

ಹುಡುಗ ಕಲಿತದ್ದು

ಶಿಬಿರ ಮುಗಿಸಿ ಬಂದ ಹುಡುಗನ ಅಂಗೈಯಲ್ಲಿ ಬೊಬ್ಬೆಗಳಿದ್ದವು. ರಾತ್ರಿ ರೊಟ್ಟಿ ಉಂಡಾದ ಮೇಲೆ ಮುತ್ಯಾ ಕೇಳಿದರು, "ಏನ್ ಕಲ್ತು ಬಂದಿ, ಹೇಳು ನೋಡಮು."

ಅವನು ಹೇಳಿದ ಮೊದಲ ಮಾತು ಮನೆಯವರಿಗೆ ವಿಚಿತ್ರವೆನಿಸಿತು. ಮನೆ ಬಿದ್ದ ಕಡೆ ಓಡಿಹೋಗಿ ಮಾಡಬೇಕಾದ ಮೊದಲ ಕೆಲಸ ನಿಲ್ಲುವುದು. ನಿಂತು ನೋಡಬೇಕು. ಯಾವ ಗೋಡೆ ಇನ್ನೂ ಬೀಳಬಹುದು? ಕರೆಂಟಿನ ತಂತಿ ಹರಿದಿದೆಯೇ? ಗ್ಯಾಸ್ ವಾಸನೆ ಬರುತ್ತಿದೆಯೇ? ಕಾಪಾಡಲು ಹೋದವನು ತಾನೇ ಸಿಕ್ಕಿಬಿದ್ದರೆ ಹುಡುಕಬೇಕಾದವರ ಸಂಖ್ಯೆ ಒಂದು ಹೆಚ್ಚಾಗುತ್ತದೆ, ಹುಡುಕುವವರ ಸಂಖ್ಯೆ ಒಂದು ಕಡಿಮೆಯಾಗುತ್ತದೆ. ಒಬ್ಬನೇ ಎಂದೂ ಒಳಗೆ ಹೋಗಬಾರದು, ಜೊತೆಗೊಬ್ಬ ಇರಲೇಬೇಕು.

ಎರಡನೆಯದು ಕೇಳುವುದು. ಆ ಮನೆಯಲ್ಲಿ ಎಷ್ಟು ಜನ? ಯಾರು ಎಲ್ಲಿ ಮಲಗುತ್ತಾರೆ? ಪಡಸಾಲೆಯಲ್ಲೋ, ಒಳಕೋಣೆಯಲ್ಲೋ, ದನದ ಕೊಟ್ಟಿಗೆಯ ಬದಿಗೋ? ಯಾವ ಯಂತ್ರಕ್ಕೂ ಗೊತ್ತಿಲ್ಲದ ಈ ಸಂಗತಿ ಪಕ್ಕದ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ. ಅವರು ಬೆರಳು ತೋರಿಸಿದ ಕಡೆ ಅಗೆದರೆ ಅರ್ಧ ಕೆಲಸ ಮುಗಿದ ಹಾಗೆ.

ಮೂರನೆಯದು ಸದ್ದಿಲ್ಲದಿರುವುದು. ಒಬ್ಬನ ಕೈಯಲ್ಲಿ ಸೀಟಿ ಇರುತ್ತದೆ. ಒಂದು ಉದ್ದ ಸೀಟಿ ಊದಿದರೆ ಎಲ್ಲರೂ ಕೆಲಸ ನಿಲ್ಲಿಸಿ ಮೌನವಾಗಬೇಕು. "ಒಳಗ ಯಾರರೆ ಇದ್ದೀರೇನ್ರಿ? ಕೇಳಿಸಿದರ ಬಡೀರಿ" ಎಂದು ಕೂಗಿ, ಅಲ್ಲಲ್ಲಿ ಕಲ್ಲಿಗೆ ಕಿವಿಗೊಡಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗಿದರೆ, ಗಟ್ಟಿ ಕಲ್ಲಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಕೂಗಲು ತ್ರಾಣವಿಲ್ಲದವನೂ ಒಂದು ಹರಳಿನಿಂದ ಕಂಬವನ್ನು ಬಡಿಯಬಲ್ಲ. ಮೂರು ಕಡೆ ನಿಂತ ಮೂವರು ಸದ್ದು ಬಂದ ದಿಕ್ಕಿಗೆ ಕೈ ತೋರಿಸಿದರೆ, ಮೂರು ಗೆರೆಗಳು ಕೂಡುವ ಜಾಗವೇ ಅಗೆಯಬೇಕಾದ ಜಾಗ. ಒಂದು ಉದ್ದ ಸೀಟಿ, ಒಂದು ಗಿಡ್ಡ ಸೀಟಿ ಊದಿದರೆ ಕೆಲಸ ಮುಂದುವರಿಯಬೇಕು. ಮೂರು ಗಿಡ್ಡ ಸೀಟಿ ಕೇಳಿದರೆ ಎಲ್ಲವನ್ನೂ ಬಿಟ್ಟು ಹೊರಗೋಡಬೇಕು.

ಹುಡುಕಲು ಒಳಗೆ ಹೋಗುವ ಮುನ್ನ ಬಾಗಿಲ ಬಳಿ ಸೀಮೆಸುಣ್ಣದಿಂದ ಒಂದು ಓರೆಗೆರೆ ಎಳೆಯಬೇಕು. ಹೊರಬಂದ ಮೇಲೆ ಅದರ ಮೇಲೆ ಅಡ್ಡಲಾಗಿ ಇನ್ನೊಂದು ಗೆರೆ. ಒಂದೇ ಗೆರೆ ಇದ್ದರೆ ಒಳಗೆ ಹುಡುಕುವವರಿದ್ದಾರೆ, ಎರಡಿದ್ದರೆ ಹುಡುಕಿ ಆಗಿದೆ ಎಂದರ್ಥ. ಎಷ್ಟು ಹೊತ್ತಿಗೆ ಹೋದರು, ಒಳಗೆ ಏನು ಅಪಾಯ, ಎಷ್ಟು ಜನ ಸಿಕ್ಕರು ಎಂಬುದನ್ನು ಗೆರೆಗಳ ನಡುವೆ ಬರೆಯುತ್ತಾರೆ. ಹುಡುಕಿದ ಮನೆಯನ್ನೇ ಮತ್ತೆ ಹುಡುಕುತ್ತ ಪಕ್ಕದ ಮನೆಯನ್ನು ಮರೆಯಬಾರದಲ್ಲ!

ನಾಲ್ಕನೆಯದು ಎತ್ತುವುದು. ಇಲ್ಲಿ ಹುಡುಗ ಹಿತ್ತಲಿನಿಂದ ಹಾರಿ ತಂದು ತೋರಿಸಿದ. ಆರಡಿ ಹಾರಿಯ ತುದಿಯಿಂದ ಆರು ಅಂಗುಲದ ಮೇಲೆ ಆನಿಕೆಗೆ ಒಂದು ಕಲ್ಲಿಟ್ಟರೆ ಈಚೆ 66 ಅಂಗುಲ, ಆಚೆ 6 ಅಂಗುಲ. 20 ಕಿಲೋಗ್ರಾಂ ಬಲ ಹಾಕಿ ಒತ್ತಿದರೆ ಆಚೆ ತುದಿ 220 ಕಿಲೋಗ್ರಾಂ ಎತ್ತುತ್ತದೆ. ಪಾಠದ ಪುಸ್ತಕದಲ್ಲಿ ಎರಡು ಅಂಕಕ್ಕೆ ಬರುವ ಸನ್ನೆಕೋಲಿನ ನಿಯಮ ಇದೇ. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಆಚೆ ಎರಡು ಅಂಗುಲ ಏಳಬೇಕಾದರೆ ಈಚೆ ಇಪ್ಪತ್ತೆರಡು ಅಂಗುಲ ತಗ್ಗಬೇಕು. ಅದಕ್ಕೇ ಒಂದು ಅಂಗುಲ ಎತ್ತಿದ ಕೂಡಲೆ ಆ ಸಂದಿಗೆ ಒಂದು ಅಂಗುಲ ಮರದ ತುಂಡು ತೂರಿಸಬೇಕು. ಎರಡು ಮರದ ತುಂಡು ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಮತ್ತೆ ಎರಡು ಉದ್ದಕ್ಕೆ. ಹೀಗೆ ಚೌಕವಾಗಿ ಏರಿಸುತ್ತ ಹೋದರೆ ಹಾರಿ ಜಾರಿದರೂ ತೊಲೆ ಮತ್ತೆ ಬೀಳದು.

ಮಣ್ಣನ್ನು ಸಲಿಕೆಯಿಂದ ರಭಸವಾಗಿ ಬಗೆಯುವಂತಿಲ್ಲ. ಮನುಷ್ಯ ಹತ್ತಿರವಿದ್ದಾನೆ ಎನ್ನಿಸಿದಾಗ ಕೈಯಿಂದಲೇ ತೆಗೆಯಬೇಕು. ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಮೊದಲು ಮುಖ ಬಿಡಿಸಿ, ಬಾಯಿ ಮೂಗಿನ ಮಣ್ಣು ತೆಗೆದು, ಆಮೇಲೆ ಎದೆ ಬಿಡಿಸಬೇಕು. ಎದೆ ಉಬ್ಬಲು ಜಾಗವಿಲ್ಲದಿದ್ದರೆ ಮೂಗು ತೆರೆದರೂ ಪ್ರಯೋಜನವಿಲ್ಲ. ಎರಡು ಬಿದಿರು, ಎರಡು ಗೋಣಿಚೀಲ ಇದ್ದರೆ ಡೋಲಿ ಆಯಿತು. ತೊಡೆ, ಕಾಲುಗಳ ಮೇಲೆ ತಾಸುಗಟ್ಟಲೆ ಭಾರ ಬಿದ್ದವರನ್ನು ಮಾತ್ರ ಅವಸರದಿಂದ ಎಳೆಯಬಾರದು. ನಜ್ಜಾದ ಸ್ನಾಯುಗಳಲ್ಲಿ ಪೊಟ್ಯಾಸಿಯಂ ಮೊದಲಾದವು ಸೇರಿಕೊಂಡಿರುತ್ತವೆ. ಭಾರ ತೆಗೆದೊಡನೆ ಅವು ರಕ್ತದಲ್ಲಿ ನುಗ್ಗಿ ಹೃದಯವನ್ನು ನಿಲ್ಲಿಸಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ, ಚೆನ್ನಾಗಿಯೇ ಹೊರಬಂದವರು ಆಸ್ಪತ್ರೆಯಲ್ಲಿ ಸಾಯುತ್ತಿದ್ದುದನ್ನು ಕಂಡ ವೈದ್ಯ ಬೈವಾಟರ್ಸ್ 1941ರಲ್ಲಿ ಇದನ್ನು ವಿವರಿಸಿದರು. ಅಂಥವರ ಬಳಿಗೆ ಮೊದಲು ವೈದ್ಯರನ್ನು ಕರೆತರಬೇಕು.

"ಮತ್ತ ಇನ್ನೊಂದು ಮುತ್ಯಾ," ಎಂದ ಹುಡುಗ. "ರಾಶಿ ಮ್ಯಾಲ ಹತ್ತಬಾರದು. ಕೆಳಗ ಪೊಳ್ಳು ಇದ್ದರ ನಮ್ಮ ಭಾರಕ್ಕ ಕುಸೀತದ. ಮಗ್ಗಲಿನಿಂದ ಹೋಗಬೇಕು, ಇಲ್ಲಾಂದ್ರ ಹಲಗಿ ಹಾಸಬೇಕು."

ಮುತ್ಯಾ ಹೇಳಿದ್ದು

ಮುತ್ಯಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗನಿಗಾಗಲಿ, ಮಗ ಸೊಸೆಗಾಗಲಿ ಎಂದೂ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು.

1993ರಲ್ಲಿ ಅವರು ನಲವತ್ತರ ಹರೆಯದ ಗಟ್ಟಿ ಆಳು. ಸುದ್ದಿ ತಿಳಿದು ರೊಟ್ಟಿಗಂಟು, ಹಾರಿ, ಸಲಿಕೆ ಹೇರಿಕೊಂಡು ಹೊರಟ ಒಂದು ಲಾರಿಯಲ್ಲಿ ಅವರೂ ಹತ್ತಿದ್ದರು. ಕಿಲ್ಲಾರಿ ಕಡೆಯ ಒಂದು ಹಳ್ಳಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಊರೇ ಇರಲಿಲ್ಲ, ಕಲ್ಲುಮಣ್ಣಿನ ದಿಬ್ಬಗಳಿದ್ದವು. ಒಂದು ದಿಬ್ಬದ ಬಳಿ ಒಬ್ಬ ಹೆಣ್ಣುಮಗಳು, ಒಳಗಿನಿಂದ ದನಿ ಕೇಳುತ್ತಿದೆ ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಇಪ್ಪತ್ತು ಜನ ಓಡಿದರು.

"ಎಲ್ಲಾರೂ ಮ್ಯಾಲ ಹತ್ತಿದೆವು. ನಾನೂ ಹತ್ತಿದ್ದೆ. ಒಬ್ಬರ ಮಾತು ಒಬ್ಬರಿಗಿ ಕೇಳಿಸವಲ್ದು, ಅಷ್ಟು ಗದ್ದಲ. ತೊಲಿ ತನಕ ಮುಟ್ಟುವಾಗ ಹೊತ್ತು ಮುಳುಗಿತ್ತು. ತೊಲಿ ಕೆಳಗ ಒಂದು ಮೊಳ ಜಾಗ ಇತ್ತು. ಅದರಾಗೆಲ್ಲ ಮಣ್ಣು ತುಂಬಿತ್ತು." ಮುತ್ಯಾ ತಮ್ಮ ಅಂಗೈ ನೋಡಿಕೊಂಡರು. "ಅದು ಮೊದಲೇ ತುಂಬಿತ್ತೋ, ನಾವು ಹತ್ತಿದ ಮ್ಯಾಲ ತುಂಬಿತೋ, ಯಾರು ಹೇಳಬೇಕು?"

ಮೊಮ್ಮಗನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಶಿಬಿರದಲ್ಲಿ ಕೊಟ್ಟ ಪುಸ್ತಕದಲ್ಲೂ ಇರಲಿಲ್ಲ. ಆ ಇಪ್ಪತ್ತು ಜನರಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ಧೈರ್ಯಕ್ಕೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಂದು ಸೀಟಿಗೆ, "ನಿಲ್ಲಿ" ಎನ್ನುವ ಒಬ್ಬನಿಗೆ. ಹೊರಡುವಾಗ ಮುತ್ಯಾ ಕೇಳಿದ್ದ ಪ್ರಶ್ನೆಗೆ, ಮೂವತ್ತು ವರ್ಷಕ್ಕೂ ಹಳೆಯದಾದ ಅವರದೇ ನೆನಪು ಉತ್ತರ ಕೊಟ್ಟಿತ್ತು.

ಮರುದಿನ ಬೆಳಗ್ಗೆ ಅಜ್ಜ ಮೊಮ್ಮಗ ಇಬ್ಬರೂ ಓಣಿಯಲ್ಲಿ ನಡೆದರು. ಈಗ ಕಲಿಸುವ ಸರದಿ ಮುತ್ಯಾನದು. ಯಾವ ಗೋಡೆ ಹೊಟ್ಟೆ ಬಿಟ್ಟಿದೆ, ಯಾವ ಮೂಲೆಯ ಕಲ್ಲುಗಳು ಒಂದನ್ನೊಂದು ಕಚ್ಚಿ ಕೂತಿಲ್ಲ, ಯಾವ ಮಾಳಿಗೆಗೆ ಎಷ್ಟು ತಲೆಮಾರಿನ ಮಣ್ಣಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಹುಡುಗ ನೋಟ್‌ಬುಕ್ಕಿನಲ್ಲಿ ಓಣಿಯ ನಕ್ಷೆ ಬರೆದುಕೊಂಡ. ಮನೆ ಮನೆಗೆ ಎಷ್ಟು ಜನ, ನಡೆಯಲಾಗದ ಮುದುಕರು ಎಲ್ಲಿ ಮಲಗುತ್ತಾರೆ, ಎಳೆಗೂಸು ಇರುವ ಮನೆ ಯಾವುದು, ಹಾರಿ, ಹಗ್ಗ, ಏಣಿ ಯಾರ ಮನೆಯಲ್ಲಿವೆ ಎಂದು ಗುರುತು ಹಾಕಿದ. ಹೆಚ್ಚಾದ ಹಳೆಯ ಮಣ್ಣನ್ನು ಮಳೆಗಾಲಕ್ಕೆ ಮುಂಚೆ ಇಳಿಸಿದರೆ, ಗೋಡೆಗೆ ಅಲ್ಲಲ್ಲಿ ತೂತು ಕೊರೆದು ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ ಎರಡೂ ಮೈಗಳನ್ನು ಹೆಣೆದರೆ ಮನೆಯೇ ಎಷ್ಟೋ ಗಟ್ಟಿಯಾಗುತ್ತದೆ. ಬೀಳದ ಮನೆಯಿಂದ ಯಾರನ್ನೂ ಹೊರತೆಗೆಯಬೇಕಾಗಿಲ್ಲ.

ಇದೆಲ್ಲ ಅತಿಯಾಯಿತು ಎನ್ನುವವರು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನರನ್ನು ಕೇಳಬಹುದು. 2021ರ ಅಕ್ಟೋಬರಿನಲ್ಲಿ ಅಲ್ಲಿ ನೆಲ ಮತ್ತೆ ಮತ್ತೆ ಗುಡುಗಿ ನಡುಗಿತು. ಜನ ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆದರು. ದೊಡ್ಡ ಅನಾಹುತವೇನೂ ಆಗಲಿಲ್ಲ. ಹಾಗೆಂದು ಭೂಮಿ ಯಾರಿಗೂ ಮಾತು ಕೊಟ್ಟಿಲ್ಲ. ಭೂಕಂಪವೇ ಬೇಕೆಂದೂ ಇಲ್ಲ. ವಾರಗಟ್ಟಲೆ ಜಡಿಮಳೆ ಹಿಡಿದರೆ ಮಣ್ಣಿನ ಗೋಡೆ ನೆನೆದು ಕುಸಿಯುವ ಸುದ್ದಿ ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಇದ್ದೇ ಇರುತ್ತದೆ.

ಗೃಹರಕ್ಷಕ ದಳ, ಎನ್.ಸಿ.ಸಿ., ರಾಷ್ಟ್ರೀಯ ಸೇವಾ ಯೋಜನೆ, ಸ್ಕೌಟು ಗೈಡು ಹೀಗೆ ಕಲಿಯುವ ದಾರಿಗಳು ಹಲವಿವೆ. ಹನ್ನೆರಡು ದಿನ ಪುಸ್ತಕ ಮುಚ್ಚಿಟ್ಟರೆ ಮಕ್ಕಳ ಅಂಕ ಕಡಿಮೆಯಾದೀತೆಂಬ ತಂದೆತಾಯಿಗಳ ಅಳುಕು ಸಹಜವೇ. ಆದರೆ ಸನ್ನೆಕೋಲು, ಶಬ್ದದ ವೇಗ, ಸಾಂದ್ರತೆ ಇವೆಲ್ಲ ಯಾಕೆ ಪಾಠದಲ್ಲಿವೆ ಎಂಬುದು ಹುಡುಗರಿಗೆ ಅರ್ಥವಾಗುವುದು ಅಲ್ಲಿಯೇ. ಹದಿನೆಂಟು ತುಂಬದ ಮಕ್ಕಳು ಅವಶೇಷಗಳೊಳಗೆ ಇಳಿಯಬೇಕಾಗಿಲ್ಲ. ಸೀಟಿ ಹಿಡಿಯುವುದು, ಹೆಸರು ಬರೆದುಕೊಳ್ಳುವುದು, ಬುಟ್ಟಿಯ ಸಾಲಿನಲ್ಲಿ ನಿಲ್ಲುವುದು ಕೂಡ ಜೀವ ಉಳಿಸುವ ಕೆಲಸವೇ.

ಆ ಮನೆಯಲ್ಲಿ ಈಗ ಒಂದು ಬದಲಾವಣೆ ಆಗಿದೆ. ಬಾಗಿಲ ಹಿಂದಿನ ಮೊಳೆಗೆ ಒಂದು ಸೀಟಿ ತೂಗುಹಾಕಿದ್ದಾರೆ. ಪರೀಕ್ಷೆಯ ಚಿಂತೆಯಲ್ಲಿದ್ದ ತಾಯಿಯೇ ಅದನ್ನು ಅಲ್ಲಿ ಕಟ್ಟಿದ್ದು. ಮುತ್ಯಾ ಮಲಗುವ ಮಂಚವನ್ನು ಹೊಟ್ಟೆ ಬಿಟ್ಟ ಗೋಡೆಯಿಂದ ಈಚೆಗೆ ಸರಿಸಿದವರೂ ಅವರೇ.